ಹಚ್ಚಿಕೊಂಡ ಬೆಕ್ಕು: ಅಂಟು ಯಾವುದು, ನಂಟು ಯಾವುದು?

ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದರೆ ಹೊರಗೆ ಕೂತು ಕೂಗುತ್ತದೆ. ಪೇಪರ್ ಹರಡಿಕೊಂಡರೆ ಅದರ ಮೇಲೆಯೇ ಬಂದು ಮಲಗುತ್ತದೆ. ಮನೆಯಲ್ಲಿ ಐದು ಜನ ಇದ್ದರೂ ರಾತ್ರಿ ನುಗ್ಗುವುದು ಒಬ್ಬರ ಹೊದಿಕೆಯೊಳಕ್ಕೇ. ಆ ಒಬ್ಬರು ಊರಿಗೆ ಹೋದರೆ ತಟ್ಟೆಗೆ ಹಾಕಿದ ಮೀನು ಹಾಗೇ ಒಣಗುತ್ತದೆ. "ಕೊತ್ತಿ ನಿನ್ನನ್ನು ವಿಪರೀತ ಹಚ್ಚಿಕೊಂಡಿದೆ ಕಣೇ" ಎಂದು ಮನೆಯ ಹಿರಿಯರು ಹೇಳುವುದು ಇಂಥ ಬೆಕ್ಕನ್ನು ನೋಡಿಯೇ.

ಅದೇ ಹಿರಿಯರು ಇನ್ನೊಂದು ಮಾತನ್ನೂ ಹೇಳುತ್ತಾರೆ: ನಾಯಿ ಯಜಮಾನನದು, ಬೆಕ್ಕು ಮನೆಯದು. ಕಾಟ ತಡೆಯಲಾರದೆ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬಂದರೆ ಮೂರನೆಯ ದಿನ ಅದು ಹಿತ್ತಲ ಬಾಗಿಲಲ್ಲಿ ಕೂತಿತ್ತು ಎನ್ನುವ ಕಥೆಯನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಕೇಳಿರುತ್ತಾರೆ. ಮನೆಯವರು ಊರು ಬಿಟ್ಟು ಹೋದರೂ ಬೆಕ್ಕು ಹಳೆಯ ಮಾಡಿನ ಮೇಲೆಯೇ ಉಳಿಯಿತು ಎನ್ನುವುದೂ ಉಂಟು. ಪಂಚತಂತ್ರದ ಬೆಕ್ಕಂತೂ ತಪಸ್ವಿಯ ವೇಷ ಹಾಕಿದ ಕಪಟಿ.

ಹಾಗಾದರೆ ಬೆಕ್ಕು ಹಚ್ಚಿಕೊಳ್ಳುವುದು ಮನುಷ್ಯನನ್ನೋ, ಅವನ ಅಡುಗೆಮನೆಯನ್ನೋ? ನಾಯಿಯ ಬಗ್ಗೆ ಬಹಳ ಹಿಂದೆಯೇ ಕೇಳಿದ್ದ ಈ ಪ್ರಶ್ನೆಯನ್ನು ವಿಜ್ಞಾನಿಗಳು ಬೆಕ್ಕಿನ ಬಗ್ಗೆ ಗಟ್ಟಿಯಾಗಿ ಕೇಳಲು ತೊಡಗಿದ್ದು ಈ ಶತಮಾನದಲ್ಲಿ. ಅವರು ಕಂಡದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಮುಖ್ಯವಾಗಿ ಕಂಡದ್ದು ಇಷ್ಟು: ಬೆಕ್ಕಿನ ನಂಟು ನಿಜ. ಆದರೆ ನಾವು ನಂಟು ಎಂದು ಹೆಮ್ಮೆಪಡುವ ಎಷ್ಟೋ ಸಂಗತಿಗಳು ಬರೀ ಅಂಟು. ಈ ವ್ಯತ್ಯಾಸ ತಿಳಿಯದಿದ್ದರೆ ಬೆಕ್ಕಿನ ಸಂಕಟವನ್ನೇ ಅದರ ಪ್ರೀತಿ ಎಂದುಕೊಂಡುಬಿಡುತ್ತೇವೆ. ನಾನೂ ಒಮ್ಮೆ ಹಾಗೆ ಅಂದುಕೊಂಡಿದ್ದೆ.

ಒಂಟಿ ಪ್ರಾಣಿ ಕಣಜಕ್ಕೆ ಬಂದದ್ದು

ನಾಯಿಯ ಪೂರ್ವಜ ತೋಳ. ಅದು ಗುಂಪಿನಲ್ಲಿ ಬಾಳುವ ಪ್ರಾಣಿ, ಒಡನಾಟ ಅದರ ರಕ್ತದಲ್ಲೇ ಇದೆ. ಬೆಕ್ಕಿನ ಪೂರ್ವಜ ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಕಾಡುಬೆಕ್ಕು. ಒಂಟಿಯಾಗಿ ಬೇಟೆಯಾಡಿ, ತನ್ನ ಗಡಿಯನ್ನು ತಾನೇ ಕಾಯ್ದುಕೊಳ್ಳುವ ಪ್ರಾಣಿ ಅದು. ಇಂದಿನ ಸಾಕುಬೆಕ್ಕುಗಳು ಅದರ ಸಂತತಿ ಎಂಬುದನ್ನು 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ತಳಿವಿಜ್ಞಾನದ ಅಧ್ಯಯನ ತೋರಿಸಿತು. ಮನುಷ್ಯ ಕಾಳು ಕೂಡಿಟ್ಟ, ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಅದನ್ನು ಯಾರೂ ಹಿಡಿದು ಪಳಗಿಸಲಿಲ್ಲ, ತಾನಾಗಿಯೇ ಬಂದು ಉಳಿಯಿತು.

ಆ ಒಡನಾಟ ಬೇಟೆಯ ಲೆಕ್ಕಾಚಾರವನ್ನು ಬೇಗನೆ ದಾಟಿತ್ತು ಎನ್ನಲು ಒಂದು ಸಾಕ್ಷಿ ಇದೆ. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೋಸ್ ಎಂಬಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದು ಸಿಕ್ಕಿತು. ಮನುಷ್ಯನ ಅಸ್ಥಿಯಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಎಂಟು ತಿಂಗಳ ಬೆಕ್ಕೊಂದರ ಅಸ್ಥಿ ಇತ್ತು. 2004ರಲ್ಲಿ ಪ್ರಕಟವಾದ ಈ ಶೋಧ ಗಮನ ಸೆಳೆಯಲು ಕಾರಣ, ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳೇ ಇರಲಿಲ್ಲ. ಯಾರೋ ದೋಣಿಯಲ್ಲಿ ಕೂರಿಸಿಕೊಂಡು ಕಡಲು ದಾಟಿಸಿದ್ದರು, ಸತ್ತ ಮೇಲೂ ಪಕ್ಕದಲ್ಲೇ ಮಲಗಿಸಿದ್ದರು.

ಗುಂಪಿನ ಶಿಷ್ಟಾಚಾರ ಅಷ್ಟಾಗಿ ಇಲ್ಲದ ಒಂಟಿ ಪ್ರಾಣಿ ಮನುಷ್ಯನೊಡನೆ ಬಾಳಲು ಕಲಿತ ಬಗೆ ಯಾವುದು? ಅದಕ್ಕೆ ಗೊತ್ತಿದ್ದ ಗಾಢ ಸಂಬಂಧ ತಾಯಿ-ಮರಿಗಳದ್ದು. ಆ ನಡವಳಿಕೆಯನ್ನೇ ಅದು ಬದುಕಿನುದ್ದಕ್ಕೂ ಎಳೆದುಕೊಂಡು ಬಂತು. ಮಡಿಲಲ್ಲಿ ಕೂತು ಮುಂಗಾಲುಗಳಿಂದ ಹಿಟ್ಟು ನಾದಿದಂತೆ ಒತ್ತುವುದು ಹಾಲೂಡುವ ತಾಯಿಯ ಹೊಟ್ಟೆಯನ್ನು ಒತ್ತಿದ ನೆನಪು. ಬಾಲ ನೆಟ್ಟಗೆ ಎತ್ತಿಕೊಂಡು ಬರುವುದು ಮರಿ ತಾಯಿಯನ್ನು ಎದುರುಗೊಳ್ಳುವ ರೀತಿ. 'ಮಿಯಾವ್' ಎಂಬ ಕೂಗೂ ಅಷ್ಟೆ. ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಹಾಗೆ ಕೂಗಿಕೊಳ್ಳುವುದು ತೀರ ಅಪರೂಪ. ಅದು ಮರಿ ತಾಯಿಗೆ ಕೂಗುವ ಕೂಗು, ಬೆಳೆದ ಮೇಲೆ ನಮಗಾಗಿ ಉಳಿಸಿಕೊಂಡದ್ದು. ಕೆನ್ನೆ, ಗಲ್ಲಗಳನ್ನು ನಮ್ಮ ಕಾಲಿಗೆ ಉಜ್ಜಿದಾಗ ಅಲ್ಲಿನ ಗ್ರಂಥಿಗಳ ವಾಸನೆ ನಮಗೆ ಹತ್ತುತ್ತದೆ. ನಮ್ಮ ಮೂಗಿಗೆ ಅದು ತಿಳಿಯದು, ಬೆಕ್ಕಿಗೆ ಮಾತ್ರ 'ಇವರು ನಮ್ಮವರು' ಎಂಬ ಗುರುತು.

ಏಳು ವಾರದೊಳಗಿನ ಲೋಕ

ಒಂದು ಬೆಕ್ಕು ಮನುಷ್ಯನ ಬೆನ್ನಿಗೇ ಬೀಳುತ್ತದೆ, ಇನ್ನೊಂದು ಹತ್ತು ವರ್ಷ ಅನ್ನ ಹಾಕಿದರೂ ಕೈಗೆ ಸಿಗುವುದಿಲ್ಲ. ಇದರ ಬೀಜ ಬಹಳ ಎಳವೆಯಲ್ಲಿದೆ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳು ತೋರಿಸಿದಂತೆ, ಮರಿಗೆ ಎರಡರಿಂದ ಏಳು ವಾರ ತುಂಬುವ ಅವಧಿ ನಿರ್ಣಾಯಕ. ಆಗ ದಿನವೂ ಮನುಷ್ಯರ ಕೈಯಲ್ಲಿ ಆಡಿದ ಮರಿಗಳು ಬೆಳೆದ ಮೇಲೆ ಮಡಿಲಲ್ಲಿ ಹೆಚ್ಚು ಹೊತ್ತು ಕೂರುತ್ತವೆ, ಮನುಷ್ಯರ ಬಳಿಗೆ ಬೇಗ ಬರುತ್ತವೆ. ಆ ಬಾಗಿಲು ಮುಚ್ಚಿದ ಮೇಲೆ ನಂಬಿಕೆ ಹುಟ್ಟಿಸಲು ಬಹಳ ತಾಳ್ಮೆ ಬೇಕು.

ತಂದೆಯ ಪಾಲೂ ಇದೆ. ಗಂಡುಬೆಕ್ಕು ಮರಿಗಳನ್ನು ಸಾಕುವುದಿಲ್ಲ, ಆದರೂ ಸ್ನೇಹಶೀಲ ಗಂಡಿಗೆ ಹುಟ್ಟಿದ ಮರಿಗಳು ಹೊಸಬರ ಎದುರು ಹೆಚ್ಚು ಧೈರ್ಯವಾಗಿರುತ್ತವೆ ಎಂದು ಸಾಂಡ್ರಾ ಮೆಕ್‌ಕ್ಯೂನ್ 1995ರಲ್ಲಿ ತೋರಿಸಿದರು. ಸ್ವಭಾವದ ಒಂದಂಶ ರಕ್ತದಲ್ಲೇ ಇಳಿದು ಬರುತ್ತದೆ.

ಇಲ್ಲಿ ನಮ್ಮ ಒಂದು ರೂಢಿಯನ್ನು ಪರೀಕ್ಷಿಸಬೇಕು. ಮರಿ ಕಣ್ಣು ಬಿಟ್ಟು ಓಡಾಡತೊಡಗಿದರೆ ಸಾಕು, 'ಒಂದು ನಮಗೆ ಕೊಡಿ' ಎಂದು ಚೀಲ ಹಿಡಿದು ಬರುತ್ತಾರೆ. ಎಳೆಯದಾದಷ್ಟೂ ಚೆನ್ನಾಗಿ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು 5,726 ಬೆಕ್ಕುಗಳ ಮಾಹಿತಿ ಕೂಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಎಂಟು ವಾರಕ್ಕೂ ಮೊದಲು ತಾಯಿಯಿಂದ ಬೇರ್ಪಟ್ಟ ಬೆಕ್ಕುಗಳಲ್ಲಿ ಸಿಟ್ಟು ಹೆಚ್ಚು. 14 ವಾರ ತುಂಬಿದ ಮೇಲೆ ಬೇರ್ಪಟ್ಟವುಗಳಲ್ಲಿ ಮಾಡಿದ್ದನ್ನೇ ಮಾಡುವ ಗೀಳಿನಂಥ ವರ್ತನೆ ಕಡಿಮೆ. ಮನುಷ್ಯರ ಕೈಯ ಪರಿಚಯ ಬೇಗ ಆಗಬೇಕು, ತಾಯಿಯ ಮಡಿಲು ತಡವಾಗಿ ತಪ್ಪಬೇಕು. ಮರಿ ಬೇಕೆಂದವರು ತಾಯಿಯಿರುವ ಮನೆಗೇ ಹೋಗಿ ಅದನ್ನು ಆಡಿಸುತ್ತಾ, ಒಂದೆರಡು ತಿಂಗಳು ಕಾದು ತಂದರೆ ಎರಡೂ ಸಾಧ್ಯ.

ಕೆಟ್ಟ ಅನುಭವವೂ ಹೀಗೆಯೇ ಆಳಕ್ಕಿಳಿಯುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಒಮ್ಮೆ ಕುದಿಯುವ ಹಾಲಿಗೆ ಬಾಯಿ ಸುಟ್ಟುಕೊಂಡು, ಆಮೇಲೆ ಹಾಲಿನ ಬಟ್ಟಲು ಕಂಡರೇ ಓಡಿದ ಕಥೆಯನ್ನು ನಾವು ರಾಮಕೃಷ್ಣನ ಚಾತುರ್ಯಕ್ಕಾಗಿ ಹೇಳುತ್ತೇವೆ. ಬೆಕ್ಕಿನ ಕಡೆಯಿಂದ ನೋಡಿದರೆ, ಒಂದು ನೋವು ಎಷ್ಟು ಕಾಲ ನಿಲ್ಲುತ್ತದೆ ಎಂಬುದರ ಚಿತ್ರ ಅದು.

ಅಪರಿಚಿತ ಕೋಣೆಯ ಪರೀಕ್ಷೆ

ಪ್ರೀತಿಯನ್ನು ಅಳೆಯುವುದು ಹೇಗೆ? ಈ ದಾರಿ ಮೊದಲು ತೆರೆದದ್ದು ಮನುಷ್ಯರ ಕೂಸುಗಳಿಗಾಗಿ. ತಾಯಿ-ಮಗುವಿನ ಬಂಧದ ಬಗ್ಗೆ ಇಂಗ್ಲೆಂಡಿನ ಜಾನ್ ಬೌಲ್ಬಿ ಸಿದ್ಧಾಂತ ಕಟ್ಟಿದರು, ಅವರ ಜೊತೆ ದುಡಿದಿದ್ದ ಮೇರಿ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಪರೀಕ್ಷೆಯೊಂದನ್ನು ರೂಪಿಸಿದರು. ಗುರುತಿಲ್ಲದ ಕೋಣೆಯಲ್ಲಿ ತಾಯಿ ಮಗುವನ್ನು ಸ್ವಲ್ಪ ಹೊತ್ತು ಬಿಟ್ಟುಹೋಗಿ ಮರಳುತ್ತಾಳೆ. ಮಗು ಎಷ್ಟು ಅತ್ತಿತು ಎಂಬುದಕ್ಕಿಂತ, ತಾಯಿ ಮರಳಿದಾಗ ಏನು ಮಾಡಿತು ಎಂಬುದರ ಮೇಲೆ ಅವರ ಕಣ್ಣು. ನೆಮ್ಮದಿಯ ಬಂಧವಿರುವ ಮಗು ತಾಯಿಯನ್ನು ತಬ್ಬಿ, ಸಮಾಧಾನಗೊಂಡು, ಮತ್ತೆ ಆಟಕ್ಕೆ ಮರಳುತ್ತದೆ. ಆತಂಕದ ಬಂಧವಿರುವ ಮಗು ತಾಯಿ ಬಂದ ಮೇಲೂ ಬಿಡದೆ ಅಂಟಿಕೊಂಡೇ ಇರುತ್ತದೆ, ಇಲ್ಲವೇ ಮುಖ ತಿರುಗಿಸುತ್ತದೆ.

ಇದೇ ಪರೀಕ್ಷೆಯನ್ನು ಬೆಕ್ಕಿಗೆ ಹೊಂದಿಸಿದಾಗ ಉತ್ತರಗಳು ಒಂದಕ್ಕೊಂದು ಎದುರಾದವು. 2007ರಲ್ಲಿ ಮೆಕ್ಸಿಕೋದ ತಂಡವೊಂದು, ಬೆಕ್ಕು ಅಪರಿಚಿತರಿಗಿಂತ ಒಡೆಯರ ಸಂಗಡ ಇದ್ದಾಗ ಹೆಚ್ಚು ಓಡಾಡುತ್ತದೆ, ಆದ್ದರಿಂದ ಬಂಧವಿದೆ ಎಂದಿತು. 2015ರಲ್ಲಿ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಆಲಿಸ್ ಪಾಟರ್ ಮತ್ತು ಡೇನಿಯಲ್ ಮಿಲ್ಸ್ 20 ಬೆಕ್ಕುಗಳನ್ನು ಪರೀಕ್ಷಿಸಿ, ಒಡೆಯರು ಹೋದಾಗ ಬೆಕ್ಕು ಹೆಚ್ಚು ಕೂಗುವುದು ನಿಜವಾದರೂ ಸುರಕ್ಷತೆಗಾಗಿ ಅವರನ್ನೇ ನೆಚ್ಚಿದೆ ಎನ್ನಲು ಆಧಾರ ಸಾಲದು ಎಂದರು. ಅಪಾಯ ಬಂದಾಗ ಬೆಕ್ಕು ತನ್ನನ್ನೇ ನಂಬುತ್ತದೆ ಎಂಬುದು ಅವರ ನಿಲುವು. ಬೆಕ್ಕಿಗೆ ಪ್ರೀತಿಯಿಲ್ಲ ಎಂದು ಅವರು ಹೇಳಿರಲಿಲ್ಲ, ಓದಿದವರು ಅನೇಕರು ಹಾಗೆ ಅರ್ಥಮಾಡಿಕೊಂಡರು.

2019ರಲ್ಲಿ ಅಮೆರಿಕದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ವಿಟಾಲೆ ಮತ್ತು ಸಂಗಡಿಗರು ಚಿಕ್ಕದಾದ ಪರೀಕ್ಷೆ ಮಾಡಿದರು: ಎರಡು ನಿಮಿಷ ಒಡೆಯರ ಜೊತೆ, ಎರಡು ನಿಮಿಷ ಒಂಟಿ, ಮತ್ತೆ ಎರಡು ನಿಮಿಷ ಜೊತೆ. ವರ್ಗೀಕರಿಸಲು ಸಾಧ್ಯವಾದ 70 ಮರಿಗಳಲ್ಲಿ ಶೇ. 64ರಷ್ಟು ನೆಮ್ಮದಿಯ ಬಂಧ ತೋರಿದವು. 38 ದೊಡ್ಡ ಬೆಕ್ಕುಗಳಲ್ಲೂ ಶೇ. 66ರ ಸುಮಾರಿನ ಫಲವೇ ಬಂತು. ಮನುಷ್ಯರ ಕೂಸುಗಳಲ್ಲಿ ಕಾಣುವ ಪ್ರಮಾಣವೂ ಸರಿಸುಮಾರು ಇದೇ. ಆರು ವಾರಗಳ ತರಬೇತಿಯ ನಂತರವೂ ಮರಿಗಳ ಬಂಧದ ಬಗೆ ಹೆಚ್ಚಾಗಿ ಬದಲಾಗಲಿಲ್ಲ.

ಈ ಪರೀಕ್ಷೆಯಲ್ಲಿ ನೆಮ್ಮದಿಯ ಬೆಕ್ಕು ಎನಿಸಿಕೊಂಡದ್ದು ಯಾವುದು? ಒಡೆಯರು ಬಂದಾಗ ಎದುರುಗೊಂಡು, ಮೈ ಉಜ್ಜಿ, ಮತ್ತೆ ಕೋಣೆಯನ್ನು ನೋಡಿಬರಲು ಹೋದ ಬೆಕ್ಕು. ಮಡಿಲಿಗೆ ಹಾರಿ ಅಲುಗಾಡದೆ ಕೂತದ್ದು ಆತಂಕದ ಗುಂಪಿಗೆ ಸೇರಿತು. ನಾವು ಯಾವುದನ್ನು 'ಹೆಚ್ಚು ಪ್ರೀತಿ' ಎನ್ನುತ್ತೇವೋ ಅದಕ್ಕೆ ವಿಜ್ಞಾನಿಗಳು ಕಡಿಮೆ ನೆಮ್ಮದಿಯ ಗುರುತು ಹಾಕಿದ್ದರು. ಲಿಂಕನ್ ಮತ್ತು ಆರೆಗನ್ ಅಧ್ಯಯನಗಳ ಜಗಳವೂ ಇಲ್ಲಿ ಸ್ವಲ್ಪ ಬಗೆಹರಿಯುತ್ತದೆ. ಮೊದಲನೆಯದು ಅಪರಿಚಿತನಿಗಿಂತ ಒಡೆಯನೇ ಬೇಕು ಎಂದು ಬೆಕ್ಕು ತೋರಿಸುತ್ತದೆಯೇ ಎಂದು ಕೇಳಿತು. ಎರಡನೆಯದು ಒಡೆಯ ಬಂದ ಮೇಲೆ ಬೆಕ್ಕಿಗೆ ನೆಮ್ಮದಿಯಾಯಿತೇ ಎಂದು ಕೇಳಿತು. ಪ್ರಶ್ನೆಯೇ ಬೇರೆಯಾದ ಮೇಲೆ ಉತ್ತರ ಬೇರೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಕಿವಿ ತಿರುಗುವ ಕಡೆ

ಕರಾವಳಿಯ ಬೀದಿಗಳಲ್ಲಿ ಮೀನಿನವನ ಹಾರ್ನ್ ಯಾವುದು, ಬೇರೆ ಗಾಡಿಯ ಹಾರ್ನ್ ಯಾವುದು ಎಂದು ಬೆಕ್ಕುಗಳಿಗೆ ಗೊತ್ತು. ಆದರೆ ಊಟವಿಲ್ಲದ ಸದ್ದನ್ನೂ ಅವು ಗುರುತಿಟ್ಟುಕೊಳ್ಳುತ್ತವೆಯೇ? ಜಪಾನಿನ ಅತ್ಸುಕೊ ಸೈಟೊ 2013ರಲ್ಲಿ 20 ಬೆಕ್ಕುಗಳಿಗೆ ಅಪರಿಚಿತರ ದನಿಗಳ ನಡುವೆ ಒಡೆಯರ ದನಿ ಕೇಳಿಸಿದರು. ಒಡೆಯರ ದನಿಗೆ ಬೆಕ್ಕಿನ ಕಿವಿ, ತಲೆ ತಿರುಗಿದವು. ಅವು ಎದ್ದು ಬರಲಿಲ್ಲ, ಕೂಗಲಿಲ್ಲ, ಆದರೆ ಗುರುತು ಹಿಡಿದವು. ಬೆಕ್ಕಿಗೆ ತನ್ನ ಹೆಸರನ್ನು ಬೇರೆ ಪದಗಳಿಂದ ಬೇರ್ಪಡಿಸಿ ಕೇಳಲು ಬರುತ್ತದೆ ಎಂದು ಅವರ ತಂಡವೇ 2019ರಲ್ಲಿ ತೋರಿಸಿತು. ಕ್ಯೋಟೊ ವಿಶ್ವವಿದ್ಯಾಲಯದ ಸಾಹೊ ಟಕಾಗಿ 2021ರಲ್ಲಿ ಇನ್ನೂ ಮುಂದೆ ಹೋದರು. ಕೋಣೆಯ ಹೊರಗಿನಿಂದ ಕೇಳುತ್ತಿದ್ದ ಒಡೆಯರ ದನಿ ಮರುಕ್ಷಣವೇ ದೂರದ ಇನ್ನೊಂದು ಜಾಗದಿಂದ ಬಂದರೆ ಬೆಕ್ಕುಗಳು ಬೆರಗಾದವು. ಅಂದರೆ ಕಣ್ಣಿಗೆ ಕಾಣದಿದ್ದರೂ ನಾವು ಮನೆಯಲ್ಲಿ ಎಲ್ಲಿದ್ದೇವೆ ಎಂಬ ನಕ್ಷೆ ಅವುಗಳ ತಲೆಯಲ್ಲಿ ಇರುತ್ತದೆ.

ಬೆಕ್ಕು ಊಟಕ್ಕಾಗಿ ಮಾತ್ರ ಬರುತ್ತದೆ ಎಂಬ ಆರೋಪವೂ ಪೂರ್ತಿ ನಿಲ್ಲುವುದಿಲ್ಲ. ವಿಟಾಲೆಯವರ 2017ರ ಪ್ರಯೋಗದಲ್ಲಿ ಆಹಾರ, ಆಟಿಕೆ, ವಾಸನೆ, ಮನುಷ್ಯರ ಒಡನಾಟ ಎಂಬ ನಾಲ್ಕನ್ನು ಮುಂದಿಟ್ಟಾಗ ಅರ್ಧದಷ್ಟು ಬೆಕ್ಕುಗಳ ಮೊದಲ ಆಯ್ಕೆ ಒಡನಾಟವಾಗಿತ್ತು. ಆಹಾರವನ್ನು ಮೊದಲು ಆರಿಸಿದವು ಶೇ. 37. ನಾವು ಕಣ್ಣನ್ನು ಅರೆಮುಚ್ಚಿ ನಿಧಾನವಾಗಿ ಮಿಟುಕಿಸಿದರೆ ಬೆಕ್ಕೂ ಹಾಗೆಯೇ ಮಿಟುಕಿಸಿ ಉತ್ತರ ಕೊಡುತ್ತದೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಹೇಳಿದರು.

ಜ್ಯೂರಿಚ್‌ನ ಡೆನಿಸ್ ಟರ್ನರ್ ಹಲವು ವರ್ಷ ಮನೆಗಳಲ್ಲೇ ಬೆಕ್ಕುಗಳನ್ನು ಗಮನಿಸಿ ಕಂಡದ್ದನ್ನು ಬೆಕ್ಕು ಸಾಕಿದವರೆಲ್ಲ ನೆನಪಿಡಬೇಕು. ನಾವು ಹುಡುಕಿಕೊಂಡು ಹೋಗಿ ಎತ್ತಿಕೊಂಡಾಗ ಒಡನಾಟ ಬೇಗ ಮುಗಿಯುತ್ತದೆ, ಬೆಕ್ಕು ತಾನಾಗಿ ಬಂದಾಗ ಹೆಚ್ಚು ಹೊತ್ತು ನಿಲ್ಲುತ್ತದೆ.

ನಂಟು ಅಂಟಾದಾಗ

ಈಗ ನನ್ನ ಮನೆಯ ಮಾತು. ಕೆಲಸದ ಮೇಲೆ ನಾನು ಒಂದು ತಿಂಗಳು ಹೊರಗಿರಬೇಕಾಗಿ ಬಂದಾಗ, ನಮ್ಮ ಬೂದುಬಣ್ಣದ ಹೆಣ್ಣುಬೆಕ್ಕು ಹೊಟ್ಟೆಯ ಕೂದಲನ್ನೆಲ್ಲ ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿತ್ತು. ನನ್ನ ಹಾಸಿಗೆಯ ಮೇಲೆ ಎರಡು ಸಲ ಉಚ್ಚೆ ಹೊಯ್ದಿತ್ತು. ಮರಳಿ ಬಂದ ನಾನು ಎಲ್ಲರಿಗೂ ಹೇಳಿದೆ, 'ನೋಡಿ, ನನ್ನ ಮೇಲೆ ಎಷ್ಟು ಜೀವ ಇಟ್ಟುಕೊಂಡಿದೆ!' ಆ ಹೆಮ್ಮೆಯನ್ನು ನೆನೆದರೆ ಈಗ ಎದೆ ಭಾರವಾಗುತ್ತದೆ.

ಇಂಥ ಲಕ್ಷಣಗಳಿಗೆ ಪಶುವೈದ್ಯರು ಅಗಲಿಕೆಯ ಆತಂಕ ಎನ್ನುತ್ತಾರೆ. ಅಮೆರಿಕದ ಸ್ಟೆಫನಿ ಶ್ವಾರ್ಟ್ಸ್ ಇಂಥ 136 ಪ್ರಕರಣಗಳನ್ನು ಕೂಡಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕಂಡಕಂಡಲ್ಲಿ ಮಲಮೂತ್ರ, ಬಿಡದ ಕೂಗು, ವಸ್ತುಗಳ ನಾಶ, ಅತಿಯಾಗಿ ಮೈ ನೆಕ್ಕಿಕೊಳ್ಳುವುದು ಮುಖ್ಯವಾಗಿ ಕಂಡಿದ್ದವು. ಎಲ್ಲೆಲ್ಲೋ ಉಚ್ಚೆ ಹೊಯ್ಯುತ್ತಿದ್ದ ಬೆಕ್ಕುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಅದಕ್ಕೆ ಆರಿಸಿಕೊಂಡದ್ದು ಒಡೆಯರ ಹಾಸಿಗೆಯನ್ನು. ನಮ್ಮಲ್ಲಿ ಇದನ್ನು ಸೇಡು ಎನ್ನುತ್ತಾರೆ, ಹೊಡೆಯುತ್ತಾರೆ. ಹೆದರಿದ ಪ್ರಾಣಿ ನಂಬಿದವರ ವಾಸನೆ ದಟ್ಟವಾಗಿರುವ ಜಾಗಕ್ಕೆ ಹೋಗಿತ್ತು ಎಂದುಕೊಂಡರೆ ಎತ್ತಿದ ಕೈ ತಾನಾಗಿ ಇಳಿಯುತ್ತದೆ.

ಬ್ರೆಜಿಲ್‌ನ 2020ರ ಅಧ್ಯಯನವೊಂದು 130 ಒಡೆಯರನ್ನು ಅವರ 223 ಬೆಕ್ಕುಗಳ ಬಗ್ಗೆ ಕೇಳಿತು. 30 ಬೆಕ್ಕುಗಳಲ್ಲಿ, ಅಂದರೆ ಶೇ. 13ರಷ್ಟರಲ್ಲಿ, ಅಗಲಿಕೆಗೆ ಸಂಬಂಧಿಸಿದ ತೊಂದರೆಯ ಲಕ್ಷಣಗಳು ಕಂಡವು. ಆಟಿಕೆಗಳಿಲ್ಲದ, ಬೇರೆ ಸಾಕುಪ್ರಾಣಿಗಳಿಲ್ಲದ ಮನೆಗಳಲ್ಲಿ ಇದು ಹೆಚ್ಚಿತ್ತು. ಒಡೆಯರ ಹೇಳಿಕೆಯನ್ನೇ ನಂಬಿ ಮಾಡಿದ ಎಣಿಕೆ ಇದು. ಅವರು ಮನೆಯಲ್ಲಿಲ್ಲದಾಗ ಬೆಕ್ಕು ಎಷ್ಟು ಕೂಗಿತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಆದರೂ ದಿಕ್ಕು ಸ್ಪಷ್ಟ: ಮಾಡಲು ಏನೂ ಇಲ್ಲದ ಬೆಕ್ಕು ಇರುವ ಒಬ್ಬರಿಗೇ ಅಂಟಿಕೊಳ್ಳುತ್ತದೆ.

ಲಿಂಕನ್ ತಂಡವೇ 2021ರಲ್ಲಿ ಸುಮಾರು ನಾಲ್ಕು ಸಾವಿರ ಒಡೆಯರ ಉತ್ತರಗಳಿಂದ ಬೆಕ್ಕು-ಮನುಷ್ಯರ ಸಂಬಂಧದ ಐದು ಬಗೆಗಳನ್ನು ಗುರುತಿಸಿತು. ಅವುಗಳಲ್ಲಿ ಎರಡು ಗಾಢವಾದವು. ಒಂದನ್ನು ಪರಸ್ಪರ ಅವಲಂಬನೆ ಎನ್ನಬಹುದು, ಇನ್ನೊಂದನ್ನು ಗೆಳೆತನ. ಎರಡರಲ್ಲೂ ಒಡೆಯರಿಗೆ ಬೆಕ್ಕಿನ ಮೇಲೆ ಮಮತೆ ಇದೆ. ಗೆಳೆತನದಲ್ಲಿ ಮಾತ್ರ ಬೆಕ್ಕಿಗೆ ಸದಾ ಪಕ್ಕದಲ್ಲೇ ಇರಬೇಕೆಂಬ ತಹತಹ ಇಲ್ಲ.

ನಮ್ಮ ನಗರಗಳ ಬೆಕ್ಕಿನ ಬಾಳು ಯಾವ ಕಡೆ ವಾಲುತ್ತಿದೆ ಎಂದು ಯೋಚಿಸಬೇಕು. ಹಳ್ಳಿಯ ಬೆಕ್ಕಿಗೆ ಅಟ್ಟ, ಕೊಟ್ಟಿಗೆ, ಹಿತ್ತಲು, ಒಲೆಯ ಮಗ್ಗುಲು ಎಲ್ಲವೂ ಇದ್ದವು. ಅಪಾಯಗಳೂ ಇದ್ದವು, ಆದರೆ ಅದರ ದಿನ ತುಂಬಿರುತ್ತಿತ್ತು. ಬೆಂಗಳೂರಿನ ಆರನೆಯ ಮಹಡಿಯ ಎರಡು ಕೋಣೆಯ ಫ್ಲ್ಯಾಟಿನ ಒಂಟಿ ಬೆಕ್ಕಿಗೆ ಬಾಗಿಲು ತೆರೆದು ಒಳಬರುವ ಮನುಷ್ಯರೇ ದಿನದ ಏಕೈಕ ಘಟನೆ. ಅದು ಅಂಟಿಕೊಂಡರೆ ತಪ್ಪು ಅದರದ್ದಲ್ಲ.

ಕಾಯಿಲೆಯ ವೇಷ

ಒಂದು ಎಚ್ಚರಿಕೆ. ಮೊದಲು ಹಾಗಿರದ ಬೆಕ್ಕು ಇದ್ದಕ್ಕಿದ್ದಂತೆ ಅಂಟಿಕೊಳ್ಳತೊಡಗಿದರೆ ಅದನ್ನು ಪ್ರೀತಿಯ ಲೆಕ್ಕಕ್ಕೆ ಹಾಕಬಾರದು. ವಯಸ್ಸಾದ ಬೆಕ್ಕಿನಲ್ಲಿ ಥೈರಾಯ್ಡ್ ಹೆಚ್ಚಾದರೆ, ಕಣ್ಣು ಕಿವಿ ಮಂಕಾದರೆ, ಮರೆವು ಬಂದರೆ ರಾತ್ರಿಯಿಡೀ ಕೂಗುತ್ತಾ ಮನುಷ್ಯರ ಹಿಂದೆ ಅಲೆಯುವುದುಂಟು. ಮೂತ್ರಕೋಶದ ಉರಿಯೂತಕ್ಕೂ ಮನಸ್ಸಿನ ಒತ್ತಡಕ್ಕೂ ಸಂಬಂಧವಿದೆ. ಗಂಡುಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೂ ಉಚ್ಚೆ ಬರದಿದ್ದರೆ ನಾಳೆಗೆ ಕಾಯಬಾರದು, ಮೂತ್ರನಾಳ ಕಟ್ಟಿದ್ದರೆ ಒಂದೆರಡು ದಿನದಲ್ಲಿ ಪ್ರಾಣವೇ ಹೋಗುತ್ತದೆ. ಒಡೆಯರು ಊರಲ್ಲಿಲ್ಲ ಎಂಬ ಕೊರಗಿಗೆ ಎರಡು ದಿನ ಏನೂ ತಿನ್ನದಿದ್ದರೂ ಹಾಗೇ ಬಿಡಬಾರದು. ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೆ ಕುತ್ತು ಬರುತ್ತದೆ. ಮೊದಲು ವೈದ್ಯರು, ಆಮೇಲೆ ಉಳಿದ ವಿಚಾರ.

ಅಂಟನ್ನು ನಂಟಾಗಿಸುವುದು

ದೇಹ ಸರಿಯಿದ್ದರೆ ಮದ್ದು ಬಹುಪಾಲು ಮನೆಯಲ್ಲೇ ಇದೆ. ದಿನಕ್ಕೆ ಎರಡು ಮೂರು ಸಲ ಹತ್ತು ಹತ್ತು ನಿಮಿಷ ಬೇಟೆಯಂಥ ಆಟ ಆಡಿಸಬೇಕು. ಕೋಲಿಗೆ ದಾರ ಕಟ್ಟಿ, ದಾರದ ತುದಿಗೆ ಗರಿ ಕಟ್ಟಿದರೂ ಸಾಕು. ಆಟ ಮುಗಿದ ಕೂಡಲೆ ಊಟ ಕೊಟ್ಟರೆ ಬೆಕ್ಕಿನ ಸಹಜ ಲಯ ಪೂರ್ತಿಯಾಗುತ್ತದೆ: ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ. ಹತ್ತಿ ಕೂರಲು ಎತ್ತರದ ಹಲಗೆ, ಬಲೆ ಹಾಕಿದ ಕಿಟಕಿಯ ಬಳಿ ಒಂದು ಜಾಗ, ಉಗುರು ಕೆರೆಯಲು ಗೋಣಿ ಸುತ್ತಿದ ಮರದ ತುಂಡು, ಅಡಗಲು ರಟ್ಟಿನ ಡಬ್ಬ ಇರಲಿ. ಕಾಳುತಿಂಡಿಯನ್ನು ಬಟ್ಟಲಿಗೆ ಸುರಿಯುವ ಬದಲು ಅಲ್ಲಲ್ಲಿ ಅಡಗಿಸಿಟ್ಟರೆ ಹುಡುಕುವುದರಲ್ಲೇ ಅರ್ಧ ಗಂಟೆ ಕಳೆಯುತ್ತದೆ.

ಹೊರಡುವಾಗ ತಬ್ಬಿ ಮುದ್ದಾಡಿ ಕಣ್ಣೀರಿಡುವುದು ಬೇಡ, ಮರಳಿದಾಗ ಹಬ್ಬ ಮಾಡುವುದೂ ಬೇಡ. ಅಗಲಿಕೆಯನ್ನು ಐದು ನಿಮಿಷದಿಂದ ಶುರುಮಾಡಿ ನಿಧಾನವಾಗಿ ಹಿಗ್ಗಿಸಬೇಕು. ಊಟ ಹಾಕುವ, ಆಡಿಸುವ ಕೆಲಸವನ್ನು ಮನೆಯ ಎಲ್ಲರೂ ಹಂಚಿಕೊಂಡರೆ ಬೆಕ್ಕಿನ ನಂಬಿಕೆಯೂ ಹಂಚಿಹೋಗುತ್ತದೆ. ಪ್ರಯಾಣಕ್ಕೆ ಹೋಗುವಾಗ ಗುರುತಿಲ್ಲದ ಜಾಗದಲ್ಲಿ ಬಿಡುವ ಬದಲು, ಗುರುತಿರುವ ಒಬ್ಬರು ದಿನವೂ ಮನೆಗೇ ಬಂದು ಸ್ವಲ್ಪ ಹೊತ್ತು ಕೂತು ಹೋಗುವುದು ಒಳ್ಳೆಯದು. ಹಿರಿಯರ ಮಾತಿನ ಸತ್ಯ ಇಲ್ಲಿದೆ. ಬೆಕ್ಕಿಗೆ ಮನುಷ್ಯರೂ ಬೇಕು, ಮನೆಯೂ ಬೇಕು, ಎರಡನ್ನೂ ಒಮ್ಮೆಗೇ ಕಸಿಯಬಾರದು. ಜೊತೆಗಿರಲಿ ಎಂದು ಇನ್ನೊಂದು ಬೆಕ್ಕು ತರುವುದು ಮಾತ್ರ ಯೋಚಿಸಿ ಮಾಡಬೇಕಾದ ಕೆಲಸ. ಮೂಲದಲ್ಲಿ ಒಂಟಿಯಾದ ಪ್ರಾಣಿಗೆ ಹೊಸಬರು ಗೆಳೆಯರೂ ಆಗಬಹುದು, ಗಡಿ ದಾಟಿ ಬಂದ ವೈರಿಯೂ ಆಗಬಹುದು.

ತಾಯಿಬೆಕ್ಕಿನ ಇನ್ನರ್ಧ

ಮೇಲುಕೋಟೆಯನ್ನು ಬಲ್ಲ ನಮಗೆ ಶ್ರೀವೈಷ್ಣವರ ಎರಡು ನ್ಯಾಯಗಳು ಹೊಸತಲ್ಲ. ಮರ್ಕಟ ಕಿಶೋರ ನ್ಯಾಯದಲ್ಲಿ ಕೋತಿಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮಾರ್ಜಾಲ ಕಿಶೋರ ನ್ಯಾಯದಲ್ಲಿ ಬೆಕ್ಕಿನ ಮರಿ ಏನನ್ನೂ ಹಿಡಿಯುವುದಿಲ್ಲ, ತಾಯಿಯೇ ಕತ್ತಿನ ಚರ್ಮ ಕಚ್ಚಿ ಒಯ್ಯುತ್ತಾಳೆ, ಮರಿ ಮೈ ಸಡಿಲ ಬಿಟ್ಟು ತೂಗಾಡುತ್ತದೆ. ಭಕ್ತಿಯ ವಿಚಾರ ತಿಳಿಸಲು ಹುಟ್ಟಿದ ಈ ಹೋಲಿಕೆಯಲ್ಲಿ ಹಚ್ಚಿಕೊಳ್ಳುವುದರ ಎರಡು ಬಗೆಗಳೂ ಇವೆ. ಕೋತಿಮರಿಯದ್ದು ಕೈ ಬಿಟ್ಟರೆ ಬಿದ್ದೇನು ಎಂಬ ಹಿಡಿತ, ಬೆಕ್ಕಿನ ಮರಿಯದ್ದು ಬೀಳಿಸಲಾರರು ಎಂಬ ನೆಚ್ಚಿಕೆ.

ಆದರೆ ತಾಯಿಬೆಕ್ಕಿನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಅವಳು ಮರಿಗಳನ್ನು ಬಿಟ್ಟು ಬೇಟೆಗೆ ಹೋಗುತ್ತಾಳೆ, ಮರಳಿ ಬರುತ್ತಾಳೆ. ಸತ್ತ ಇಲಿ ತರುತ್ತಾಳೆ, ಆಮೇಲೆ ಜೀವಂತ ಇಲಿ ತಂದು ಕಲಿಸುತ್ತಾಳೆ. ಹಾಲಿಗೆ ಬಂದ ಬೆಳೆದ ಮರಿಯನ್ನು ಒಂದು ದಿನ ಮುಂಗಾಲಿನಿಂದ ಮೆಲ್ಲಗೆ ತಳ್ಳುತ್ತಾಳೆ. ಮನೆಯ ಬೆಕ್ಕು ನಮ್ಮ ಮುಂದೆ ಜೀವನಪೂರ್ತಿ ಮರಿಯಾಗಿ ಉಳಿದಿದ್ದರೆ, ತಾಯಿಯ ಈ ಇನ್ನರ್ಧ ಕೆಲಸವೂ ನಮ್ಮ ಪಾಲಿಗೇ ಬಂದಿದೆ ಎಂದು ಅರ್ಥ.

ನಮ್ಮ ಬೂದು ಬೆಕ್ಕಿನ ಹೊಟ್ಟೆಯ ಕೂದಲು ಮತ್ತೆ ಹುಟ್ಟಲು ವೈದ್ಯರ ಸಲಹೆ, ಗರಿಯ ಕೋಲು, ಕಿಟಕಿಯ ಹಲಗೆ, ಮನೆಯವರೆಲ್ಲರ ಕೈ ಬೇಕಾಯಿತು, ತಿಂಗಳುಗಳೇ ಹಿಡಿದವು. ಈಗ ನಾನು ಬಾಗಿಲು ತೆರೆದರೆ ಬಾಲ ಎತ್ತಿಕೊಂಡು ಬಂದು ಎರಡೂ ಕಾಲಿಗೆ ಒಂದೊಂದು ಸಲ ಕೆನ್ನೆ ಉಜ್ಜುತ್ತದೆ. ಆಮೇಲೆ ಬೆನ್ನು ತಿರುಗಿಸಿ, ಎದುರು ಮರದ ಅಳಿಲನ್ನು ನೋಡಲು ಕಿಟಕಿಗೆ ಹೋಗುತ್ತದೆ. ಮೊದಲಾಗಿದ್ದರೆ ಆ ಬೆನ್ನು ಕಂಡು ನನಗೆ ಬೇಸರವಾಗುತ್ತಿತ್ತು.